ಎಸ್‌ಬಿ-1 ವೀಸಾ: ಊರಲ್ಲೇ ಉಳಿದುಹೋದ ಸಂಗಾತಿಯ ಗ್ರೀನ್ ಕಾರ್ಡ್ ಉಳಿಸಿಕೊಡುವ ಸೇವೆ ಎಷ್ಟು ಉಪಯೋಗಕ್ಕೆ ಬರುತ್ತದೆ?

ಅತ್ತೆಗೆ ಪಾರ್ಶ್ವವಾಯು ಹೊಡೆದಿದೆ ಎಂದು ಎರಡು ತಿಂಗಳ ಮಟ್ಟಿಗೆ ಅಮೆರಿಕದಿಂದ ಶಿವಮೊಗ್ಗಕ್ಕೆ ಬಂದ ಹೆಂಡತಿ ಹದಿನಾಲ್ಕು ತಿಂಗಳು ಇಲ್ಲೇ ಉಳಿಯಬೇಕಾಗುತ್ತದೆ ಎಂದಿಟ್ಟುಕೊಳ್ಳಿ. ಗ್ರೀನ್ ಕಾರ್ಡಿನ ಮೇಲೆ ಮುದ್ರಿಸಿದ ಅವಧಿ ಮುಗಿಯಲು ಇನ್ನೂ ಆರು ವರ್ಷ ಇದೆ. ಹಾಗಿದ್ದರೂ ದೇವನಹಳ್ಳಿಯ ಚೆಕ್‌-ಇನ್ ಕೌಂಟರಿನಲ್ಲೇ ವಾಪಸ್ ಕಳಿಸಿಬಿಡಬಹುದು. ಕಾರ್ಡಿನ ಅವಧಿಯೇ ಬೇರೆ, ಆ ಕಾರ್ಡು ತೋರಿಸಿ ಅಮೆರಿಕದೊಳಗೆ ಹೋಗುವ ಹಕ್ಕೇ ಬೇರೆ. ರೀ-ಎಂಟ್ರಿ ಪರ್ಮಿಟ್ (ಹೊರಡುವ ಮೊದಲೇ ಅರ್ಜಿ ಹಾಕಿ ಪಡೆಯುವ ಮರುಪ್ರವೇಶದ ಅನುಮತಿ ಪತ್ರ) ಇಲ್ಲದೆ ಹೊರಗೆ ಒಂದು ವರ್ಷ ಕಳೆದರೆ ಆ ಹಕ್ಕು ಹೋಗುತ್ತದೆ. ಪರ್ಮಿಟ್ ಇದ್ದವರಿಗೆ ಅದರ ಅವಧಿ ಮುಗಿಯುವವರೆಗೆ, ಅಂದರೆ ಸಾಮಾನ್ಯವಾಗಿ ಎರಡು ವರ್ಷ, ಸಮಯ ಇರುತ್ತದೆ.

ಹೀಗೆ ಸಿಕ್ಕಿಬಿದ್ದವರಿಗಾಗಿಯೇ ಅಮೆರಿಕದ ವಿದೇಶಾಂಗ ಇಲಾಖೆ ‘ರಿಟರ್ನಿಂಗ್ ರೆಸಿಡೆಂಟ್’ ವೀಸಾ ಇಟ್ಟಿದೆ. ಅದರ ಸಂಕೇತ ಎಸ್‌ಬಿ-1. ಖರ್ಚು ಕಡಿಮೆ, ಕಾಗದಪತ್ರವೂ ಕಡಿಮೆ, ಹಳೆಯ ರೆಸಿಡೆನ್ಸಿಯೇ ಮುಂದುವರಿಯುತ್ತದೆ. ಆದರೆ ತಡವಾದ ಕಾರಣಕ್ಕೆ ದಾಖಲೆ ಇಲ್ಲದವರಿಗೆ ಇದು 180 ಡಾಲರ್ ನಷ್ಟದ ಬಾಬತ್ತು. ಆ ಶುಲ್ಕ ವಾಪಸ್ ಬರುವುದಿಲ್ಲ.

ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು ಡಿಎಸ್-117 ಅರ್ಜಿ, ಅದರ ಜೊತೆ 180 ಡಾಲರ್ ಮತ್ತು ಒಂದು ಸಂದರ್ಶನ. ‘ಈಕೆ ನಿಜಕ್ಕೂ ಮರಳುತ್ತಿರುವ ನಿವಾಸಿಯೇ?’ ಎಂಬುದಷ್ಟೇ ಇಲ್ಲಿ ತೀರ್ಮಾನವಾಗುತ್ತದೆ. ಹೌದು ಎಂದಾದರೆ ಮಾತ್ರ ವಲಸೆ ವೀಸಾದ ಅರ್ಜಿಯಾದ ಡಿಎಸ್-260, ವೈದ್ಯಕೀಯ ತಪಾಸಣೆ, 205 ಡಾಲರ್ ವೀಸಾ ಶುಲ್ಕ, ಮತ್ತೊಂದು ಸಂದರ್ಶನ. ವಲಸೆ ವೀಸಾದ ಕೆಲಸ ಭಾರತದಲ್ಲಿ ಮುಖ್ಯವಾಗಿ ನಡೆಯುವುದು ಮುಂಬೈ ಕಾನ್ಸುಲೇಟಿನಲ್ಲಿ. ಬೆಂಗಳೂರಿನ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾದಾಗ ಅಲ್ಲಿ ವೀಸಾ ಸೇವೆಯೇ ಇರಲಿಲ್ಲ. ಹೊರಡುವ ದಿನಕ್ಕೆ ಕನಿಷ್ಠ ಮೂರು ತಿಂಗಳು ಮೊದಲೇ ಸಂಪರ್ಕಿಸಿ ಎಂದು ಇಲಾಖೆಯೇ ಹೇಳುತ್ತದೆ. ಟಿಕೆಟ್ ತೆಗೆದು ಆಮೇಲೆ ಅರ್ಜಿ ಹಾಕಿದರೆ ಟಿಕೆಟ್ಟಿನ ಹಣಕ್ಕೂ ಸಂಚಕಾರ.

ಸಾಬೀತು ಮಾಡಬೇಕಾದ್ದು ಮೂರು. ಹೊರಟ ದಿನ ಕಾನೂನುಬದ್ಧ ಕಾಯಂ ನಿವಾಸಿಯಾಗಿದ್ದಿರಬೇಕು, ಮರಳುವ ಉದ್ದೇಶ ಹೊರಟಾಗಲೂ ಇತ್ತು ಆಮೇಲೂ ಬಿಟ್ಟಿಲ್ಲ ಎಂದಿರಬೇಕು, ಮತ್ತು ತಡವಾದದ್ದು ಕೈಮೀರಿದ ಕಾರಣದಿಂದ ಆಗಿರಬೇಕು. ಮೊದಲನೆಯದಕ್ಕೆ ಕಾರ್ಡಿನ ಎರಡೂ ಬದಿಯ ನಕಲು ಸಾಕು. ಅರ್ಜಿಗಳು ಬೀಳುವುದು ಉಳಿದೆರಡರಲ್ಲಿ, ಅದರಲ್ಲೂ ಮೂರನೆಯದರಲ್ಲಿ.

‘ಅತ್ತೆಗೆ ಹುಷಾರಿರಲಿಲ್ಲ’ ಎಂಬ ಒಂದು ವಾಕ್ಯ ಹದಿನಾಲ್ಕು ತಿಂಗಳಿಗೆ ಉತ್ತರವಾಗುವುದಿಲ್ಲ. ಒಂದು ಹಾಳೆ ತೆಗೆದುಕೊಂಡು ತಿಂಗಳ ಲೆಕ್ಕ ಬರೆಯಿರಿ. ಎಡಕ್ಕೆ ತಿಂಗಳು, ನಡುವೆ ಆ ತಿಂಗಳು ಹೊರಡಲಾಗದ ಕಾರಣ, ಬಲಕ್ಕೆ ಆ ಕಾರಣದ ದಾಖಲೆ. ಮೊದಲ ತಿಂಗಳಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಸಮರಿ, ಮೂರನೆಯದಕ್ಕೆ ಫಿಸಿಯೋಥೆರಪಿ ರಸೀದಿ, ಏಳನೆಯದಕ್ಕೆ ಎರಡನೇ ಸಲ ಅಡ್ಮಿಟ್ ಮಾಡಿದ ದಾಖಲೆ, ಹತ್ತನೆಯದಕ್ಕೆ ಮರಣ ಪ್ರಮಾಣಪತ್ರ. ಹನ್ನೊಂದರಿಂದ ಹದಿನಾಲ್ಕರವರೆಗೆ ಬಲಗಡೆ ಖಾಲಿ ಉಳಿದರೆ ಅಧಿಕಾರಿ ಕೇಳುವುದು ಆ ನಾಲ್ಕು ತಿಂಗಳನ್ನೇ. ವರ್ಷಾಂತಿಕ ಮುಗಿಸಿಕೊಂಡು ಹೋಗೋಣ ಎಂದು ಮನೆಯವರು ಹೇಳಿದ್ದು ನಮ್ಮ ಮಟ್ಟಿಗೆ ಸರಿಯಾದ ಕಾರಣವೇ, ಆದರೆ ಅಲ್ಲಿ ಅದು ಸ್ವಂತ ಆಯ್ಕೆ ಎಂದು ಎಣಿಕೆಯಾಗುವ ಸಂಭವ ಹೆಚ್ಚು. ಆರೈಕೆಯ ಕಾರಣ ಕೊಡುವವರು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ ಎಂಬುದನ್ನೂ ತೋರಿಸಬೇಕು. ಅದೇ ಊರಲ್ಲಿ ಗಂಡನ ಅಣ್ಣನ ಸಂಸಾರ ಇದ್ದರೆ ಈ ಪ್ರಶ್ನೆ ಬಂದೇ ಬರುತ್ತದೆ. ವೈದ್ಯರ ಪತ್ರದಲ್ಲಿ ‘ಪ್ರಯಾಣ ಮಾಡುವ ಸ್ಥಿತಿಯಲ್ಲಿಲ್ಲ’ ಎಂದು ಬರೆದರೆ ಸಾಲದು, ಯಾವ ದಿನದಿಂದ ಯಾವ ದಿನದವರೆಗೆ ಎಂಬುದು ಅದರಲ್ಲಿರಲಿ. ಕನ್ನಡದಲ್ಲಿರುವ ದಾಖಲೆಗೆ ಅನುವಾದಕರ ದೃಢೀಕರಣವಿರುವ ಇಂಗ್ಲಿಷ್ ಅನುವಾದ ಲಗತ್ತಿಸಿ.

ಇಲಾಖೆ ಕೊಡುವ ಉದಾಹರಣೆಗಳಲ್ಲಿ ಅನಾರೋಗ್ಯ, ಅಮೆರಿಕನ್ ಕಂಪನಿಯ ಕೆಲಸ, ಅಮೆರಿಕನ್ ಪ್ರಜೆಯಾದ ಸಂಗಾತಿಯ ಜೊತೆಗಿರುವುದು ಇವೆ. ಕೊನೆಯದನ್ನು ಬಹಳ ಜನ ಗಮನಿಸುವುದೇ ಇಲ್ಲ. ಗಂಡ ಅಮೆರಿಕದ ಪ್ರಜೆಯಾಗಿದ್ದು, ಕಂಪನಿ ಅವನನ್ನು ನಿರ್ದಿಷ್ಟ ಅವಧಿಗೆ ಬೆಂಗಳೂರಿಗೆ ಕಳಿಸಿದ್ದರೆ ಆ ನೇಮಕದ ಪತ್ರವೇ ಹೆಂಡತಿಯ ಅರ್ಜಿಗೂ ಆಧಾರ.

ಕೋವಿಡ್ ಕಾರಣ ಕೊಡುವವರು ದಿನಾಂಕ ನೋಡಿಕೊಳ್ಳಬೇಕು. ನಿಗದಿತ ಅಂತರರಾಷ್ಟ್ರೀಯ ವಿಮಾನಗಳು 2020ರ ಮಾರ್ಚ್ 23ರಿಂದ 2022ರ ಮಾರ್ಚ್ 27ರವರೆಗೆ ನಿಂತಿದ್ದವು, ನಿಜ. ಆದರೆ ಸರ್ಕಾರದ ವಿಶೇಷ ವಿಮಾನಗಳ ವಂದೇ ಭಾರತ್ ಮಿಷನ್ 2020ರ ಮೇ 7ಕ್ಕೇ ಶುರುವಾಗಿತ್ತು, ಜುಲೈ ಹೊತ್ತಿಗೆ ಅಮೆರಿಕದೊಂದಿಗೆ ಏರ್ ಬಬಲ್ (ಎರಡು ದೇಶಗಳ ಒಪ್ಪಂದದ ಮೇಲೆ ನಡೆಯುವ ವಿಮಾನ ಸಂಚಾರ) ಇತ್ತು. 2021ರ ಮೇ ತಿಂಗಳಲ್ಲಿ ಅಮೆರಿಕ ಭಾರತದಿಂದ ಪ್ರವೇಶ ನಿರ್ಬಂಧಿಸಿದಾಗಲೂ ಗ್ರೀನ್ ಕಾರ್ಡ್ ಉಳ್ಳವರಿಗೆ ವಿನಾಯಿತಿ ಇತ್ತು. ‘ವಿಮಾನ ಇರಲಿಲ್ಲ’ ಎಂಬ ಮಾತು ಎರಡು ವರ್ಷವನ್ನು ಹೊರುವುದಿಲ್ಲ.

ಮರಳುವ ಉದ್ದೇಶಕ್ಕೆ ಅಮೆರಿಕದ ಮನೆ ಬಾಡಿಗೆ ಕರಾರು, ಚಾಲ್ತಿಯಲ್ಲಿರುವ ಬ್ಯಾಂಕ್ ಖಾತೆ, ವಿಮೆ, ರದ್ದಾದ ವಾಪಸ್ ಟಿಕೆಟ್, ಗಂಡನ ಜೊತೆ ಸಲ್ಲಿಸಿದ ಜಂಟಿ 1040 ತೆರಿಗೆ ರಿಟರ್ನ್ ಎಲ್ಲವೂ ನೆರವಾಗುತ್ತವೆ. ಇಲ್ಲಿ ದೊಡ್ಡ ಎಡವಟ್ಟಾಗುವುದು ತೆರಿಗೆಯಲ್ಲಿ. ‘ಭಾರತದಲ್ಲೇ ಇದ್ದೀರಲ್ಲ’ ಎಂದು ಯಾರೋ ಸಲಹೆ ಕೊಟ್ಟು, ಅನಿವಾಸಿಗಳ ತೆರಿಗೆ ರಿಟರ್ನ್ ಆದ 1040-ಎನ್‌ಆರ್ ಹಾಕಿಸಿದರೆ, ನಾನು ನಿವಾಸಿಯಲ್ಲ ಎಂದು ಅವರ ಸರ್ಕಾರಕ್ಕೆ ಸ್ವತಃ ಬರೆದುಕೊಟ್ಟ ಹಾಗಾಯಿತು. ನೂರಾರು ಡಾಲರ್ ಉಳಿಸಲು ಹೋಗಿ ಇಡೀ ಅರ್ಜಿ ಕುಸಿಯುತ್ತದೆ. ಇಲ್ಲಿ ಕಾಯಂ ಕೆಲಸಕ್ಕೆ ಸೇರಿದ್ದು, ಅಲ್ಲಿಯ ಮನೆ ಮಾರಿದ್ದು ಕೂಡ ಹಾಗೆಯೇ ತಿರುಗಿ ಬೀಳುತ್ತವೆ.

ಗಂಡ ಪ್ರಜೆಯಾಗಿದ್ದು ಕಾರಣದ ದಾಖಲೆ ಬಡವಾಗಿದ್ದರೆ, ನಮ್ಮ ಅಭಿಪ್ರಾಯದಲ್ಲಿ, ಹೊಸದಾಗಿ ಐ-130, ಅಂದರೆ ಹೆಂಡತಿಗಾಗಿ ಗಂಡ ಸಲ್ಲಿಸುವ ಕುಟುಂಬ ವಲಸೆ ಅರ್ಜಿ, ಹಾಕುವುದೇ ಲೇಸು. ಹಳೆಯ ಐ-130 ಒಮ್ಮೆ ಬಳಕೆಯಾದ ಮೇಲೆ ಮುಗಿಯಿತು, ಅದನ್ನು ಎಬ್ಬಿಸಲು ಬರುವುದಿಲ್ಲ. 2024ರ ಏಪ್ರಿಲ್‌ನಿಂದ ಆನ್‌ಲೈನ್ ಅರ್ಜಿಗೆ 625 ಡಾಲರ್, ಕಾಗದದಲ್ಲಿ 675. ಆಮೇಲೆ ವೀಸಾಕ್ಕೆ 325, ಅಫಿಡವಿಟ್ (ಬರುವವರ ಖರ್ಚಿಗೆ ತಾನು ಹೊಣೆ ಎಂದು ಕರೆಸಿಕೊಳ್ಳುವವರು ಕೊಡುವ ಪತ್ರ) ಪರಿಶೀಲನೆಗೆ 120, ಕಾರ್ಡಿಗೆ 235. ಎಸ್‌ಬಿ-1ಕ್ಕೆ ಈ 235 ಕಟ್ಟಬೇಕಿಲ್ಲ, ಐ-864 ಅಫಿಡವಿಟ್ಟೂ ಬೇಡ. ಐ-130 ದುಬಾರಿ, ನಿಧಾನ. ಆದರೆ ಅಲ್ಲಿ ಸಾಬೀತು ಮಾಡಬೇಕಾದ ಮುಖ್ಯ ಸಂಗತಿ ಮದುವೆ, ಹದಿನಾಲ್ಕು ತಿಂಗಳ ಲೆಕ್ಕವಲ್ಲ. ಗಂಡನೂ ಬರೀ ಗ್ರೀನ್ ಕಾರ್ಡ್‌ದಾರನಾದರೆ ಎಫ್2ಎ (ಗ್ರೀನ್ ಕಾರ್ಡ್ ಉಳ್ಳವರ ಸಂಗಾತಿ, ಮಕ್ಕಳ ವರ್ಗ) ಸರದಿಯಲ್ಲಿ ನಿಲ್ಲಬೇಕು, ಅಂಥವರಿಗೆ ಎಸ್‌ಬಿ-1ರ ಬೆಲೆ ಹೆಚ್ಚು.

ಪೌರತ್ವದ ಲೆಕ್ಕವೂ ಬೇರೆಬೇರೆ. ಎಸ್‌ಬಿ-1ರಲ್ಲಿ ಮರಳಿದವರು, ವರ್ಷ ದಾಟಿದ ಗೈರುಹಾಜರಿಯಿಂದ ಕಡಿದುಹೋದ ನಿರಂತರ ವಾಸವನ್ನು ಮತ್ತೆ ಕಟ್ಟಿಕೊಳ್ಳಬೇಕು. ಪ್ರಜೆಯ ಸಂಗಾತಿಗೆ ಮರಳಿದ ದಿನದಿಂದ ಎರಡು ವರ್ಷ ಒಂದು ದಿನ, ಉಳಿದವರಿಗೆ ನಾಲ್ಕು ವರ್ಷ ಒಂದು ದಿನ.

ಹೆರಿಗೆಗೆಂದು ತವರಿಗೆ ಬಂದು ಉಳಿದವರಿಗೆ ಒಂದು ಮಾತು. ತಾಯಿ ತಾತ್ಕಾಲಿಕವಾಗಿ ಹೊರಗಿದ್ದಾಗ ಹುಟ್ಟಿದ ಮಗುವನ್ನು, ಎರಡು ವರ್ಷ ತುಂಬುವ ಮೊದಲು, ಹೆರಿಗೆಯ ನಂತರದ ಮೊದಲ ವಾಪಸಾತಿಯಲ್ಲೇ ಜೊತೆಗೆ ಕರೆದೊಯ್ದರೆ ಮಗುವಿಗೆ ಪ್ರತ್ಯೇಕ ವಲಸೆ ವೀಸಾ ಬೇಡ. ತಾಯಿಗೆ ಪ್ರವೇಶದ ಅರ್ಹತೆ ಇರಬೇಕು ಅಷ್ಟೆ. ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ‘ಒಂದು ಸಲ ಹೋಗಿ ಬರುತ್ತೇನೆ’ ಎಂದು ತಾಯಿ ಒಬ್ಬಳೇ ಹೋದಳೋ, ಈ ಸೌಲಭ್ಯ ಅಲ್ಲಿಗೆ ಮುಗಿಯಿತು.

ಕಾರ್ಡು ಕಳೆದಿದ್ದರೆ ಅಥವಾ ಗಂಡನ ಮನೆಯವರೇ ಕಿತ್ತಿಟ್ಟುಕೊಂಡಿದ್ದರೆ ದಾರಿ ಬೇರೆ. ಹೊರಗೆ ಬಂದು ಒಂದು ವರ್ಷ ಆಗಿಲ್ಲವೆಂದರೆ ಎಸ್‌ಬಿ-1 ಬೇಕಿಲ್ಲ, ಐ-131ಎ ಅರ್ಜಿ ಸಾಕು. 575 ಡಾಲರನ್ನು ಆನ್‌ಲೈನ್‌ನಲ್ಲಿ ಕಟ್ಟಿ, ರಸೀದಿ ಹಿಡಿದು ಕಾನ್ಸುಲೇಟಿಗೆ ಖುದ್ದಾಗಿ ಹೋದರೆ ವಿಮಾನ ಹತ್ತಲು ಬೇಕಾದ ಚೀಟಿ ಪಾಸ್‌ಪೋರ್ಟಿಗೆ ಅಂಟಿಸಿಕೊಡುತ್ತಾರೆ. ಇದಕ್ಕೆ ಗಂಡನ ಸಹಿ ಬೇಡ, ಒಪ್ಪಿಗೆಯೂ ಬೇಡ. ಹೀಗೆ ತವರಿನಲ್ಲಿ ಬಿಟ್ಟುಹೋದ ಹೆಣ್ಣುಮಕ್ಕಳಿಗೆ ಈ ವಿಷಯ ವರ್ಷ ತುಂಬುವ ಮೊದಲೇ ತಿಳಿಯಬೇಕು.

ಅಮೆರಿಕದ ವಿಮಾನ ನಿಲ್ದಾಣದವರೆಗೆ ಹೇಗೋ ತಲುಪಿದವರ ಮುಂದೆ ಅಧಿಕಾರಿಗಳು ಐ-407 ಇಡುವುದುಂಟು. ಅದು ರೆಸಿಡೆನ್ಸಿಯನ್ನು ಸ್ವಇಚ್ಛೆಯಿಂದ ಬಿಟ್ಟುಕೊಡುವ ಕಾಗದ, ಸಹಿ ಹಾಕಲೇಬೇಕೆಂದಿಲ್ಲ. ಹಾಕದಿದ್ದರೆ ವಿಷಯ ವಲಸೆ ನ್ಯಾಯಾಧೀಶರ ಮುಂದೆ ಹೋಗುತ್ತದೆ. ಅಲ್ಲಿ ನಿವಾಸ ತೊರೆದಿದ್ದಾರೆಂದು ಸಾಬೀತು ಮಾಡುವ ಹೊರೆ ಸರ್ಕಾರದ್ದು. ಆದರೂ ಆ ನಡುವೆ ಬಂಧನದಲ್ಲಿಡುವ ಸಾಧ್ಯತೆ ಇದೆಯಾದ್ದರಿಂದ, ವಯಸ್ಸಾದವರಿಗೆ, ಮಕ್ಕಳ ಜೊತೆ ಹೋಗುವವರಿಗೆ ಈ ದಾರಿ ಹೇಳಲು ನಮಗೆ ಮನಸ್ಸಾಗುವುದಿಲ್ಲ.

ಇನ್ನೂ ಅಮೆರಿಕದಲ್ಲೇ ಇದ್ದು ಊರಿನಿಂದ ಕೆಟ್ಟ ಸುದ್ದಿ ಬಂದವರು ಹೊರಡುವ ಮೊದಲು ರೀ-ಎಂಟ್ರಿ ಪರ್ಮಿಟ್ಟಿಗೆ ಐ-131 ಅರ್ಜಿ ಹಾಕಿ. 630 ಡಾಲರ್. ಅರ್ಜಿ ಹಾಕುವ ದಿನ ನೀವು ಅಲ್ಲೇ ಇರಬೇಕು. ಪರ್ಮಿಟ್ ಕೈಗೆ ಬರುವವರೆಗೆ ಕಾಯಬೇಕಿಲ್ಲ, ಕಾನ್ಸುಲೇಟಿಗೆ ತರಿಸಿಕೊಳ್ಳುವ ಆಯ್ಕೆ ಅರ್ಜಿಯಲ್ಲೇ ಇದೆ. ಬೆರಳಚ್ಚಿಗೆ ಕರೆ ಬಂದರೆ ಮಾತ್ರ ಅಮೆರಿಕದಲ್ಲೇ ಹಾಜರಾಗಬೇಕಾಗುತ್ತದೆ, ಟಿಕೆಟ್ ತೆಗೆಯುವಾಗ ಅದನ್ನು ಲೆಕ್ಕಕ್ಕೆ ಹಿಡಿಯಿರಿ.