ಬೇಸಿಗೆ ಹಿತ್ತಲಿಗೆ ಯಾವ ಬೆಂಡೆ? ನನ್ನ ಮತ ಹಾಲುಬೆಂಡೆಗೆ

ಉಡುಪಿ ಕಡೆಯ ನಮ್ಮ ಊರಲ್ಲಿ ಸಂಕ್ರಾಂತಿ ಕಳೆದು ಶಿವರಾತ್ರಿ ಬರುವ ಹೊತ್ತಿಗೆ ಹಿತ್ತಲಲ್ಲಿ ತರಕಾರಿ ಸಾಲು ಏಳುತ್ತದೆ. ಅಲಸಂದೆ, ಹರಿವೆ, ಸೌತೆಯ ಬೀಜಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಪ್ರಶ್ನೆ ಬರುವುದು ಬೆಂಡೆಗೆ ಮಾತ್ರ. ನಾನು ಮೂರು ಬಗೆ ಬೆಳೆಸಿ ನೋಡಿದ್ದೇನೆ: ಅಂಗಡಿಯ ಹೈಬ್ರಿಡ್ ಪ್ಯಾಕೆಟ್, ಹೆಸರಘಟ್ಟದ ಸಂಶೋಧನಾ ಸಂಸ್ಥೆಯ ತಳಿ ಅರ್ಕಾ ಅನಾಮಿಕ, ಮತ್ತು ನೆರೆಮನೆಯಿಂದ ಬಂದ ಊರ ತಳಿ ಹಾಲುಬೆಂಡೆ. ಮೊದಲೇ ಹೇಳಿಬಿಡುತ್ತೇನೆ, ನನಗೆ ಇಷ್ಟವಾದದ್ದು ಹಾಲುಬೆಂಡೆ.

ಮೂರಕ್ಕೂ ಆರೈಕೆ ಒಂದೇ. ಬೀಜ ರಾತ್ರಿಯಿಡೀ ನೀರಲ್ಲಿ ನೆನೆಹಾಕುವುದು, ಸಾಲಿಂದ ಸಾಲಿಗೆ ಎರಡಡಿ, ಗಿಡದಿಂದ ಗಿಡಕ್ಕೆ ಒಂದಡಿ ಬಿಡುವುದು. ಬುಡಕ್ಕೆ ಹಟ್ಟಿಗೊಬ್ಬರ, ಸುಡುಮಣ್ಣು. ಹಾಲುಬೆಂಡೆ ಎತ್ತರಕ್ಕೆ ಹೋಗುತ್ತದೆ, ಅದಕ್ಕೆ ಮಾತ್ರ ಇನ್ನೂ ಸ್ವಲ್ಪ ಜಾಗ ಕೊಡಿ.

ಹೈಬ್ರಿಡ್ ಚೆನ್ನಾಗಿ ಬರಲಿಲ್ಲ ಅಂತ ನಾನು ಹೇಳುವುದಿಲ್ಲ. ಎಲ್ಲ ಗಿಡ ಒಂದೇ ಎತ್ತರ, ಬೇಗ ಹೂವು, ಕೈತುಂಬ ಕಾಯಿ. ತೊಂದರೆ ಇದ್ದದ್ದು ಕೊಯ್ಲಿನಲ್ಲಿ. ಬೆಂಡೆ ಹೂವು ಅರಳಿ ಐದಾರು ದಿನಕ್ಕೆ ಕಾಯಿ ಕೊಯ್ಯುವ ಹದಕ್ಕೆ ಬರುತ್ತದೆ. ದಿನ ಬಿಟ್ಟು ದಿನ ಕೊಯ್ಯಲೇಬೇಕು. ನಾನು ಕೆಲಸಕ್ಕೆ ಹೊರಗೆ ಹೋಗುವವನು, ಹಿತ್ತಲಿಗೆ ಇಳಿಯುವುದು ವಾರಕ್ಕೆ ಎರಡು ಸಲ. ಮನೆಯಲ್ಲಿ ಅಮ್ಮನಿಗೆ ಮೊಣಕಾಲು ನೋವು. ಹಾಗಾಗಿ ಬುಧವಾರ ಎಳೆಯದಾಗಿದ್ದ ಕಾಯಿ ಭಾನುವಾರಕ್ಕೆ ನಾರು. ತುದಿ ಮುರಿದರೆ ಟಕ್ಕೆಂದು ಮುರಿಯುವುದಿಲ್ಲ, ಬಾಗುತ್ತದೆ. ಅದನ್ನು ಹೆಚ್ಚಲು ಹೋದರೆ ಕತ್ತಿಯೂ ಜಾರುತ್ತದೆ.

ಇದು ಬರೀ ಆ ನಾಲ್ಕು ಕಾಯಿ ಹಾಳಾದ ಲೆಕ್ಕ ಅಲ್ಲ. ಬಲಿತ ಕಾಯಿ ಗಿಡದಲ್ಲೇ ಉಳಿದರೆ ಗಿಡದ ಶಕ್ತಿ ಬೀಜ ಕಟ್ಟುವುದಕ್ಕೆ ಹೋಗುತ್ತದೆ, ಹೊಸ ಹೂವು ಕಡಿಮೆಯಾಗುತ್ತದೆ. ಅಂದರೆ ಒಂದು ಕೊಯ್ಲು ತಪ್ಪಿದರೆ ಮುಂದಿನ ಕೊಯ್ಲೂ ತೆಳುವಾಗುತ್ತದೆ. ಬಾವಿ ನೀರು ಇಳಿಯುತ್ತಿರುವಾಗ ಕೊಡಪಾನ ಹೊತ್ತು ಸಾಕಿದ ಗಿಡ ದನದ ಬಾಯಿಗೆ ಹೋಗುವ ಕಾಯಿ ಕೊಟ್ಟರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಹಾಲುಬೆಂಡೆ ಇಲ್ಲೇ ಗೆಲ್ಲುವುದು. ಕಾಯಿ ತಿಳಿ ಬಣ್ಣ, ಉದ್ದ, ದಪ್ಪ. ಗೇಣುದ್ದ ದಾಟಿದರೂ ಎಳೆಯದಾಗಿಯೇ ಇರುತ್ತದೆ. ಭಾನುವಾರ ಕೊಯ್ದದ್ದು ಸಾಸಿವೆಗೂ ಆಗುತ್ತದೆ, ಹುಳಿಗೂ ಆಗುತ್ತದೆ. ಎರಡು ಮೂರು ಕಾಯಿ ಇದ್ದರೆ ಒಂದು ಹೊತ್ತಿನ ಪಲ್ಯ. ಹೂವು ಬಿಡಲು ಹೈಬ್ರಿಡ್‌ಗಿಂತ ತಡ ಮಾಡುತ್ತದೆ, ಗಿಡಕ್ಕೆ ಕಾಯಿಯ ಎಣಿಕೆಯೂ ಕಡಿಮೆ. ಮಾರುವವರಿಗೆ ಅದು ದೊಡ್ಡ ಕೊರತೆ. ಮನೆಗೆ ಬೆಳೆಯುವ ನನಗೆ ಅಲ್ಲ.

ಅದರ ನಿಜವಾದ ದೌರ್ಬಲ್ಯ ಹಳದಿ ನರ ನಂಜುರೋಗ. ಬಿಳಿನೊಣ ಹರಡುವ ರೋಗ ಇದು. ಮೊದಲು ಎಲೆಯ ನರ ಹಳದಿ, ಆಮೇಲೆ ಇಡೀ ಎಲೆ, ಕೊನೆಗೆ ಕಾಯಿಯೂ ಬಿಳಿಚಿ ಗಟ್ಟಿ. ಮದ್ದಿಲ್ಲ, ಗಿಡ ಕಿತ್ತು ಸುಡುವುದೊಂದೇ ದಾರಿ. ಜನವರಿಯಲ್ಲಿ ಹಾಕಿದ ಹಾಲುಬೆಂಡೆ ನಮ್ಮಲ್ಲಿ ಬಹುತೇಕ ಪಾರಾಗುತ್ತದೆ, ಮಾರ್ಚ್‌ನಲ್ಲಿ ಹಾಕಿದ್ದು ಪೆಟ್ಟು ತಿನ್ನುತ್ತದೆ.

ಅರ್ಕಾ ಅನಾಮಿಕ ಇರುವುದೇ ಈ ರೋಗಕ್ಕೆ ಉತ್ತರವಾಗಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಂಡೆಯನ್ನು ಅದರ ಕಾಡು ಸಂಬಂಧಿಯ ಜೊತೆ ಕೂಡಿಸಿ, ರೋಗ ತಡೆಯುವ ಗುಣ ತಂದು ಮಾಡಿದ ತಳಿ. ಕೂಡಿಸಿ ಮಾಡಿದ್ದಾದರೂ ಗುಣ ನೆಲೆನಿಂತ ತಳಿ, ಪ್ಯಾಕೆಟ್‌ನ ಹೈಬ್ರಿಡ್‌ನ ಹಾಗಲ್ಲ, ಹಾಗಾಗಿ ಬೀಜ ಇಟ್ಟುಕೊಳ್ಳಬಹುದು. ರುಚಿ ಚೆನ್ನಾಗಿದೆ. ಕೊಯ್ಲಿನ ಅವಸರ ಮಾತ್ರ ಹೈಬ್ರಿಡ್‌ನಷ್ಟೇ.

ಖರ್ಚಿನ ವಿಷಯ. ಹೈಬ್ರಿಡ್‌ನ ಬೀಜ ಎತ್ತಿಟ್ಟು ಹಾಕಿದರೆ ಮುಂದಿನ ವರ್ಷ ಒಂದೊಂದು ಗಿಡ ಒಂದೊಂದು ಥರ. ಪ್ರತಿ ವರ್ಷ ಪ್ಯಾಕೆಟ್ ಕೊಳ್ಳಬೇಕು. ಅದರ ಬೀಜಕ್ಕೆ ಬಣ್ಣ ಕಂಡರೆ ಔಷಧಿ ಸವರಿದ್ದಾರೆ ಅಂತ ತಿಳಿದು ಬಿತ್ತಿದ ಮೇಲೆ ಕೈ ತೊಳೆಯಿರಿ.

ಹಾಲುಬೆಂಡೆಗೆ ಖರ್ಚೇ ಇಲ್ಲ, ಆದರೆ ಒಂದು ಎಚ್ಚರಿಕೆ ಬೇಕು. ಬೆಂಡೆ ಹೆಚ್ಚಾಗಿ ತನ್ನ ಪರಾಗವನ್ನೇ ಬಳಸಿಕೊಂಡರೂ ಜೇನುನೊಣ ಬಂದು ಪಕ್ಕದ ಸಾಲಿನ ಪರಾಗ ತಂದು ಬೆರೆಸುತ್ತದೆ. ಅದಕ್ಕೇ ಬೀಜಕ್ಕೆ ಬಿಡುವ ಗಿಡದಲ್ಲಿ ನಾಳೆ ಅರಳುವ ಮೊಗ್ಗಿಗೆ ಇವತ್ತು ಸಂಜೆಯೇ ತೆಳು ಬಟ್ಟೆ ಕಟ್ಟುತ್ತೇನೆ. ಹೂವು ಒಂದೇ ದಿನದ್ದು, ಬಾಡಿದ ಮೇಲೆ ಬಟ್ಟೆ ಬಿಚ್ಚಿ ಆ ಕಾಯಿಗೆ ದಾರ ಸುತ್ತಿಬಿಟ್ಟರೆ ಗುರುತು ಸಿಗುತ್ತದೆ. ಗಿಡದಲ್ಲೇ ಒಣಗಿ ಏಣು ಬಿರಿದಾಗ ಕೊಯ್ದು, ಬೀಜ ಬಿಡಿಸಿ, ಬೂದಿ ಬೆರೆಸಿ ಡಬ್ಬಿಗೆ ಹಾಕುವುದು.

ದಿನಾ ಹಿತ್ತಲಿಗೆ ಇಳಿಯುವವರು ಮನೆಯಲ್ಲಿದ್ದರೆ, ಅಥವಾ ಪೇಟೆಗೆ ಕಾಯಿ ಕೊಡುವುದಿದ್ದರೆ ಹೈಬ್ರಿಡ್ ಅಥವಾ ಅನಾಮಿಕ ಹಾಕಿ, ಅದರಲ್ಲೂ ಅನಾಮಿಕ. ನಾನು ಈ ಸಲ ಜನವರಿಗೆ ಎಲ್ಲ ಸಾಲೂ ಹಾಲುಬೆಂಡೆ, ಮಾರ್ಚ್‌ನಲ್ಲಿ ಬಾವಿಯ ಪಕ್ಕ ಒಂದೇ ಸಾಲು ಅನಾಮಿಕ ಹಾಕುತ್ತೇನೆ. ಪ್ಯಾಕೆಟ್ ಕೊಳ್ಳುವುದಿಲ್ಲ.