ಪರಿಸರದ ಪಿಎಚ್.ಡಿ.: ಸಸ್ಯಶಾಸ್ತ್ರ ವಿಭಾಗವೋ, ಅಂತರಶಿಸ್ತೀಯ ಕೇಂದ್ರವೋ?

ನಾನು ಎರಡೂ ಕಡೆ ಇದ್ದು ನೋಡಿದವಳು. ಸಸ್ಯಶಾಸ್ತ್ರ ವಿಭಾಗವೊಂದರಲ್ಲಿ ಒಂದೂವರೆ ವರ್ಷ ಕಳೆದೆ. ಅಲ್ಲಿಂದ ಬಿಟ್ಟು ಬಂದು ಪರಿಸರ ಅಧ್ಯಯನದ ಅಂತರಶಿಸ್ತೀಯ ಕೇಂದ್ರ, ಅಂದರೆ ಬೇರೆ ಬೇರೆ ಶಾಸ್ತ್ರದವರು ಒಟ್ಟಿಗೆ ಕೆಲಸ ಮಾಡುವ ಕಡೆ, ಸೇರಿದೆ, ಈಗ ಮೂರನೇ ವರ್ಷ. ಮತ್ತೆ ಆರಿಸಬೇಕಾಗಿ ಬಂದರೆ ನೇರ ಕೇಂದ್ರಕ್ಕೇ ಹೋಗುತ್ತೇನೆ.

ವಿಷಯ ಎರಡೂ ಕಡೆ ಒಂದೇ: ಬಿಳಿಗಿರಿರಂಗನ ಬೆಟ್ಟದಲ್ಲಿ ಹಬ್ಬಿರುವ ಲಂಟಾನ ಎಂಬ ಕಳೆಪೊದೆ. ವಿಭಾಗದಲ್ಲಿದ್ದಾಗ ಹತ್ತು ಮೀಟರಿನ ಚೌಕಕ್ಕೆ ಹಗ್ಗ ಕಟ್ಟಿ ಲಂಟಾನದ ಬುಡ ಎಣಿಸುತ್ತಿದ್ದೆ, ನೆಲ್ಲಿ ಸಸಿ ಎಷ್ಟಿವೆ ಅಂತ ಬರೆಯುತ್ತಿದ್ದೆ. ದಾರಿ ತೋರಿಸಲು ಬರುತ್ತಿದ್ದ ಸೋಲಿಗ ಅಜ್ಜ ಒಂದು ದಿನ ಹಗ್ಗದ ಗಂಟು ಬಿಗಿಯುತ್ತಲೇ, "ತರಗು ಬೆಂಕಿ ನಿಂತ ಮ್ಯಾಲೆ ಅಲ್ವಾ ಅವ್ವಾ ಇದು ಹಿಂಗೆ ಎದ್ದದ್ದು" ಅಂದರು. ಒಣ ತರಗೆಲೆಗೆ ವರ್ಷಕ್ಕೊಮ್ಮೆ ಹಚ್ಚುತ್ತಿದ್ದ, ಮೊಣಕಾಲೆತ್ತರ ಮೀರದ ಬೆಂಕಿ ಅದು. 1974ರಲ್ಲಿ ಕಾಡು ಅಭಯಾರಣ್ಯವಾದ ಮೇಲೆ ಅದಕ್ಕೆ ನಿಷೇಧ ಬಂತು. ನೆಲ್ಲಿ ಮರ ಹಿಡಿಯುವ ಬಂದಳಿಕೆ, ಅವರ ಮಾತಿನಲ್ಲಿ ಉಪ್ಪಿಲು, ಅದೂ ಆಮೇಲೇ ಹೆಚ್ಚಿತಂತೆ.

ನನ್ನ ಹಾಳೆಯಲ್ಲಿ ಇದನ್ನು ಬರೆಯಲು ಜಾಗವಿರಲಿಲ್ಲ. ಕೊನೆಯ 'ಷರಾ' ಕಾಲಮ್ಮಿನ ಎರಡು ಬೆರಳಗಲದಲ್ಲಿ ಸಣ್ಣಕ್ಷರದಲ್ಲಿ ತುಂಬಿಸಿದೆ. ಮಾರ್ಗದರ್ಶಕರು ಓದಿ, "ಇದು ಸಮಾಜಶಾಸ್ತ್ರದವರಿಗೆ ಬಿಡಿ" ಅಂದರು. ಅವರು ಒಳ್ಳೆಯವರು, ಎಲೆ ಹಿಡಿದು ಗಿಡ ಗುರುತಿಸುವುದನ್ನು ಕಲಿಸಿದ್ದೇ ಅವರು. ಆ ಪಾಠದಲ್ಲಿ ಇವತ್ತಿಗೂ ವಿಭಾಗವೇ ಮೇಲು. ಆದರೆ ಷರಾದಲ್ಲಿದ್ದ ಆ ಮಾತನ್ನು ಬಿಟ್ಟು ಪ್ರಬಂಧ ಬರೆಯಲು ನನಗೆ ಮನಸ್ಸಾಗಲಿಲ್ಲ.

ಕೇಂದ್ರದಲ್ಲಿ ಅದೇ ಮಾತು ಒಂದು ಅಧ್ಯಾಯವಾಗಿದೆ. ಪಕ್ಕದ ಮೇಜಿನವಳು ಕಾನೂನು ಓದಿ ಬಂದವಳು. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಇಲ್ಲಿನ ಸೋಲಿಗರಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿದ್ದನ್ನು, ಅದೇ ವರ್ಷ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆದದ್ದನ್ನು ಅವಳು ನನ್ನ ನಕ್ಷೆಯ ಮೇಲೇ ಬೆರಳಿಟ್ಟು ವಿವರಿಸಿದಳು. ನಾನು ಚೌಕ ಹಾಕಿದ ಜಾಗಕ್ಕೂ ಒಂದು ಚರಿತ್ರೆ ಇದೆ ಅಂತ ನನಗೆ ಗೊತ್ತಾದದ್ದು ಆಗ.

ಇನ್ನು ಇಲ್ಲಿನ ತೊಡಕು. ಎಲ್ಲಕ್ಕಿಂತ ದೊಡ್ಡದು: ಇಬ್ಬರು ಮಾರ್ಗದರ್ಶಕರು. ಒಬ್ಬರು ಪರಿಸರ ವಿಜ್ಞಾನದವರು, ಇನ್ನೊಬ್ಬರು ಮಾನವಶಾಸ್ತ್ರದವರು. ಸೋಲಿಗರ ಮನೆಗಳಲ್ಲಿ ಕೇಳಿ ಬರೆದ ಮೊದಲ ಅಧ್ಯಾಯದ ಕರಡಿನಲ್ಲಿ ಒಬ್ಬರು "ಎಷ್ಟು ಮನೆ? ಸಾಲದು" ಅಂತ ಬರೆದರು. ಅದೇ ಸಾಲಿನ ಇನ್ನೊಂದು ಅಂಚಿನಲ್ಲಿ ಮತ್ತೊಬ್ಬರು "ಎಣಿಸುವುದೇ ಯಾಕೆ?" ಅಂತ ಬರೆದರು. ಒಬ್ಬರಿಗಾಗಿ ತಿದ್ದಿದ್ದನ್ನು ಇನ್ನೊಬ್ಬರು ಹೊಡೆದುಹಾಕುತ್ತಿದ್ದರು. ಮೂರು ಸಲ ಬರೆದೆ, ಐದು ತಿಂಗಳು ಹೋಯಿತು. ಕೊನೆಗೆ ಇಬ್ಬರನ್ನೂ ಒಂದೇ ಮೇಜಿನಲ್ಲಿ ಕೂರಿಸಿ ಪುಟ ಪುಟವಾಗಿ ಓದಿಸಿದೆ. ಅರ್ಧ ದಿನದಲ್ಲಿ ಮುಗಿಯಿತು. ಮೊದಲ ತಿಂಗಳೇ ಹಾಗೆ ಮಾಡಬೇಕಿತ್ತು.

ಪದಗಳದೂ ಪಾಡೇ. ಸಂಖ್ಯಾಶಾಸ್ತ್ರದವರಿಗೆ 'ಮಾದರಿ' ಅಂದರೆ ಸಮೀಕ್ಷೆಗೆ ಆಯ್ದ ಮನೆಗಳು, ನೀರಿನ ಬಗ್ಗೆ ಸಂಶೋಧನೆ ಮಾಡುವವರಿಗೆ ಕಂಪ್ಯೂಟರಿನ ಮಾಡೆಲ್. ಪೋಡಿನಲ್ಲಿ, ಅಂದರೆ ಸೋಲಿಗರ ಹಾಡಿಯಲ್ಲಿ, 'ಮಾದರಿ ಮನೆ' ಅಂತ ಓದಿ ಹೇಳಿದಾಗ ಒಬ್ಬ ಅಕ್ಕ, "ಸರ್ಕಾರದವರು ಮನೆ ಕಟ್ಟಿಸಿಕೊಡ್ತಾರಾ?" ಅಂತ ಆಸೆಯಿಂದ ಕೇಳಿದರು. ಆ ಪದವನ್ನು ಅವತ್ತೇ ಕೈಬಿಟ್ಟೆ.

ದುಡ್ಡಿನ ವಿಚಾರ. ಸಂಶೋಧನಾ ವಿದ್ಯಾರ್ಥಿಗೆ ಸಿಗುವ ಫೆಲೋಶಿಪ್ ಜೆ.ಆರ್.ಎಫ್. 2023ರಿಂದ ತಿಂಗಳಿಗೆ 37,000 ರೂಪಾಯಿ. ವಿಭಾಗದ ಊರಿನಲ್ಲಿ ಅದರಲ್ಲಿ ಉಳಿತಾಯವೂ ಆಗುತ್ತಿತ್ತು. ಕೇಂದ್ರವಿರುವ ಬೆಂಗಳೂರಿನಲ್ಲಿ ಇನ್ನಿಬ್ಬರ ಜೊತೆ ರೂಮು ಹಂಚಿಕೊಂಡಿದ್ದೇನೆ, ಅಡುಗೆ ನಮ್ಮದೇ, ಆದ್ದರಿಂದ ಸಾಗುತ್ತಿದೆ. ಮನೆಗೆ ದುಡ್ಡು ಕಳಿಸಬೇಕಾದವರು ಬಾಡಿಗೆ ವಿಚಾರಿಸಿಕೊಂಡೇ ಬನ್ನಿ.

ಒಬ್ಬರೇ ಕೂತು ಓದುವ ಅಭ್ಯಾಸದವರಿಗೆ, ಗಿಡದ ವರ್ಗೀಕರಣವೇ ಪ್ರಾಣ ಅನ್ನುವವರಿಗೆ ವಿಭಾಗವೇ ಸರಿ. ನನಗೆ ಊಟದ ಹೊತ್ತಿನಲ್ಲೂ ವಾದ ಬೇಕು, ಅದು ಇಲ್ಲಿ ಸಿಗುತ್ತದೆ. ಇಂಥ ಕೇಂದ್ರ ಸೇರುವ ಮುಂಚೆ ಅಲ್ಲಿನ ಎರಡನೇ ವರ್ಷದ ವಿದ್ಯಾರ್ಥಿಗಳನ್ನು ಒಂದು ಮಾತು ಕೇಳಿ: ನಿಮ್ಮ ಇಬ್ಬರು ಮಾರ್ಗದರ್ಶಕರು ಕೊನೆಯ ಸಲ ಒಟ್ಟಿಗೆ ಕೂತದ್ದು ಯಾವಾಗ?