ಜಿನೋವಾದ ಮೂರು ಚೊಚ್ಚಲ ಆಲ್ಬಮ್‌ಗಳು: ಮೊದಲು ಯಾವುದನ್ನು ಕೇಳಬೇಕು?

"ಅಣ್ಣಾ, ಹಳೇ ಕಾಲದ್ದು ಬೇಡ. ಈಗಿನ ಇಟಾಲಿಯನ್ ಪ್ರೋಗ್ ಬ್ಯಾಂಡ್ ಹೇಳು. ಒಂದೇ ಒಂದು ಆಲ್ಬಮ್" ಅಂತ ನನ್ನ ತಮ್ಮ ಕೇಳಿದ. ಪ್ರೋಗ್ ಅಂದರೆ ಪ್ರೋಗ್ರೆಸಿವ್ ರಾಕ್, ಉದ್ದುದ್ದ ಹಾಡುಗಳ ರಾಕ್ ಸಂಗೀತ. ಸುಲಭದ ಪ್ರಶ್ನೆ ಅಂದುಕೊಂಡೆ. ಉತ್ತರ ಕೊಡೋಕೆ ಒಂದೂವರೆ ತಿಂಗಳು ಹಿಡಿಯಿತು.

ನನ್ನ ಮುಂದೆ ಇದ್ದದ್ದು ಮೂರು ಹೆಸರು. ಲಾ ಮಾಸ್ಕೆರಾ ದಿ ಚೇರಾ, ಇಲ್ ತೆಂಪಿಯೊ ದೆಲ್ಲೆ ಕ್ಲೆಸ್ಸಿದ್ರೆ, ಲಾ ಕೊಶೆಂತ್ಸಾ ದಿ ಜೆನೊ. ಮೂರೂ ಇಟಲಿಯ ಜಿನೋವಾ ಊರಿನ ಬ್ಯಾಂಡ್‌ಗಳು. ಮೂರೂ ಹಾಡುವುದು ಇಟಾಲಿಯನ್‌ನಲ್ಲೇ. ಮೂರೂ ತಮ್ಮ ಮೊದಲ ಆಲ್ಬಮ್‌ಗೆ ಬ್ಯಾಂಡ್‌ನ ಹೆಸರನ್ನೇ ಇಟ್ಟಿವೆ. ಮಾಸ್ಕೆರಾ ಬಂದದ್ದು 2002ರಲ್ಲಿ, ತೆಂಪಿಯೊ 2010ರಲ್ಲಿ, ಜೆನೊ 2011ರಲ್ಲಿ. ಉದ್ದ ಹೆಸರುಗಳನ್ನು ಪದೇ ಪದೇ ಬರೆಯುವುದು ಕಷ್ಟ, ಹಾಗಾಗಿ ಮುಂದೆ ಹೀಗೇ ಚಿಕ್ಕದಾಗಿ ಕರೆಯುತ್ತೇನೆ.

ಒಂದೊಂದಕ್ಕೂ ಎರಡೆರಡು ವಾರ ಕೊಟ್ಟೆ. ಆ ಎರಡು ವಾರ ಬೇರೆ ಆಲ್ಬಮ್ ಮುಟ್ಟಲಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಇಯರ್‌ಫೋನ್, ರಾತ್ರಿ ಮನೆಯಲ್ಲಿ ಸ್ಪೀಕರ್. ಮೊದಲ ಮೂರು ದಿನ ಹಾಡಿನ ಹೆಸರನ್ನೂ ನೋಡುವುದಿಲ್ಲ, ಸಾಹಿತ್ಯವನ್ನೂ ಓದುವುದಿಲ್ಲ ಅಂತ ನನಗೆ ನಾನೇ ಒಂದು ನಿಯಮ ಹಾಕಿಕೊಂಡೆ. ಸುಮ್ನೆ ಕಿವಿಗೆ ಬಿದ್ದದ್ದಷ್ಟೇ.

ಇವರನ್ನೆಲ್ಲ ಸಿಂಫೋನಿಕ್ ಪ್ರೋಗ್ ಅಂತ ಕರೆಯುತ್ತಾರೆ. ಹಾಗಂತ ವೇದಿಕೆ ತುಂಬ ಪಿಟೀಲು ಇರುತ್ತದೆ ಅಂತಲ್ಲ. ಹಾಡು ಪಲ್ಲವಿ, ಚರಣ ಅಂತ ಸುತ್ತುವುದಿಲ್ಲ, ಭಾಗ ಭಾಗವಾಗಿ ಬೆಳೆಯುತ್ತಾ ಹೋಗುತ್ತದೆ. ಮೊದಲು ಕೇಳಿದ ಒಂದು ರಾಗದ ತುಂಡು ಹತ್ತು ನಿಮಿಷ ಬಿಟ್ಟು ಬೇರೆ ವಾದ್ಯದಲ್ಲಿ, ಬೇರೆ ವೇಗದಲ್ಲಿ ಮತ್ತೆ ಬರುತ್ತದೆ. ಇಟಲಿಯಲ್ಲಿ ಈ ಸಂಗೀತದ ಸುಗ್ಗಿ 1971ರಿಂದ 1973ರವರೆಗೆ. ಪಿಎಫ್ಎಂ, ಬಾಂಕೊ, ಲೆ ಒರ್ಮೆ ಎಲ್ಲ ಆಗಿನ ದೊಡ್ಡ ಹೆಸರುಗಳು. ಆ ಮೂರು ವರ್ಷದ ನೆರಳು ಮುಂದೆ ಬಂದ ಪ್ರತಿಯೊಂದು ಬ್ಯಾಂಡ್ ಮೇಲೂ ಇದೆ. ನನ್ನ ಪರೀಕ್ಷೆಯೂ ಅಲ್ಲೇ ಇತ್ತು. ಈ ನೆರಳಿನಲ್ಲಿ ಯಾರು ಹೇಗೆ ನಿಂತಿದ್ದಾರೆ?

ಮಾಸ್ಕೆರಾದಿಂದ ಶುರು ಮಾಡಿದೆ. ಹೆಸರಿನ ಅರ್ಥ ಮೇಣದ ಮುಖವಾಡ. ಇದರ ಹಿಂದಿರುವುದು ಬಾಸ್ ಗಿಟಾರ್ ನುಡಿಸುವ ಫಾಬಿಯೊ ಝುಫ್ಫಾಂತಿ. 1990ರ ದಶಕದಲ್ಲಿ ಫಿನಿಸ್ತೆರ್ರೆ ಅನ್ನೋ ಬ್ಯಾಂಡ್‌ನಲ್ಲಿದ್ದವರು. ಇಟಲಿಯ ಪ್ರೋಗ್ ಮತ್ತೆ ತಲೆ ಎತ್ತಿದ ಕಥೆ ಹೇಳುವಾಗ ಇವರ ಹೆಸರು ಬಿಡೋಕೆ ಆಗುವುದಿಲ್ಲ.

ಈ ಆಲ್ಬಮ್‌ನಲ್ಲಿ ಎಲೆಕ್ಟ್ರಿಕ್ ಗಿಟಾರ್ ಇಲ್ಲ. ಬಸ್ಸಿನಲ್ಲಿ ಕೇಳುವಾಗ ಎರಡು ದಿನ ಇದು ನನಗೆ ಹೊಳೆಯಲೇ ಇಲ್ಲ! ಯಾಕಂದ್ರೆ ಗಿಟಾರ್ ಮಾಡಬೇಕಾದ ಒರಟು ಕೆಲಸವನ್ನೆಲ್ಲ ಇಲ್ಲಿ ಬಾಸ್ ಮಾಡುತ್ತದೆ. ಅದರ ದನಿಯನ್ನು ಗರಗರ ಅನ್ನುವಷ್ಟು ಒಡೆದು ಮುಂದೆ ತಂದಿದ್ದಾರೆ. ಅದರ ಮೇಲೆ ಆಂದ್ರೆಯಾ ಮೊನೆತ್ತಿಯ ಕೊಳಲು. ನಮ್ಮ ಬಿದಿರ ಕೊಳಲಿನ ಮೆದು ಇದರಲ್ಲಿಲ್ಲ. ಉಸಿರನ್ನು ಬಿರುಸಾಗಿ ಊದುವ, ಕೆಲವೊಮ್ಮೆ ಉಗುಳಿದ ಹಾಗೆ ಕೇಳುವ ಲೋಹದ ಕೊಳಲು. ಸುತ್ತ ಅಗೊಸ್ತಿನೊ ಮಾಕೊರ್ ಅವರ ಕೀಬೋರ್ಡ್‌ಗಳು, ಅದರಲ್ಲೂ ಮೆಲೊಟ್ರಾನ್.

ಮೆಲೊಟ್ರಾನ್ ಬಗ್ಗೆ ಎರಡು ಮಾತು ಹೇಳಲೇಬೇಕು. ನೋಡೋಕೆ ಪುಟ್ಟ ಆರ್ಗನ್ ಥರ. ಒಳಗೆ ಒಂದೊಂದು ಕೀಗೆ ಒಂದೊಂದು ಟೇಪಿನ ತುಂಡು. ಆ ಟೇಪಿನಲ್ಲಿ ನಿಜವಾದ ಪಿಟೀಲೋ ಕೊಳಲೋ ಕೋರಸ್ಸೋ ಮೊದಲೇ ರೆಕಾರ್ಡ್ ಆಗಿರುತ್ತದೆ. ಕೀ ಒತ್ತಿದರೆ ಟೇಪ್ ಓಡುತ್ತದೆ. ಸುಮಾರು 8 ಸೆಕೆಂಡಿಗೆ ತುಂಡು ಮುಗಿಯುತ್ತದೆ. ಬೆರಳು ಎತ್ತಿದರೆ ಸ್ಪ್ರಿಂಗ್ ಅದನ್ನು ವಾಪಸ್ ಎಳೆದುಕೊಳ್ಳುತ್ತದೆ. ಹಾಗಾಗಿ ಎಷ್ಟು ಹೊತ್ತು ಬೇಕಾದರೂ ಒತ್ತಿ ಹಿಡಿಯೋಕೆ ಆಗುವುದಿಲ್ಲ, ಮುಗಿಯುವ ಮೊದಲೇ ಬೆರಳು ಬದಲಿಸಬೇಕು. ಟೇಪಿನ ಸಣ್ಣ ನಡುಕ ಪ್ರತಿ ಸ್ವರದಲ್ಲೂ ಉಳಿಯುತ್ತದೆ. ಈ ಸಂಗೀತದಲ್ಲಿ ನಮ್ಮ ಮೈ ಜುಮ್ಮೆನ್ನಿಸುವ ಎಷ್ಟೋ ಜಾಗಗಳಲ್ಲಿ ಕೆಲಸ ಮಾಡುತ್ತಿರುವುದು ಆ ನಡುಕವೇ.

ಮಾಸ್ಕೆರಾದ ಗಾಯಕ ಅಲೆಸ್ಸಾಂದ್ರೊ ಕೊರ್ವಾಲ್ಯಾ ಅವರದು ದೊಡ್ಡ ಗಂಟಲು. ನಾಟಕದ ನಟ ಕೊನೆಯ ಸಾಲಿನವರಿಗೂ ಕೇಳಲಿ ಅಂತ ಹೇಳುವ ಹಾಗೆ ಹಾಡುತ್ತಾರೆ. ಇಡೀ ಆಲ್ಬಮ್ 1973ರ ಒಳಗೇ ಕೂತು ಮಾಡಿದಂತಿದೆ. ಮಧ್ಯದ ಮೂವತ್ತು ವರ್ಷ ನಡೆದೇ ಇಲ್ಲವೇನೋ ಅನ್ನಿಸುತ್ತದೆ. ಅದು ಇದರ ಬಲ. ರಾತ್ರಿ ಸ್ಪೀಕರ್‌ನಲ್ಲಿ, ಕತ್ತಲೆಯಲ್ಲಿ, ದನಿ ಜಾಸ್ತಿ ಇಟ್ಟು ಕೇಳಿದಾಗ ಇದಕ್ಕೆ ಸಾಟಿ ಇಲ್ಲ. ಆದರೆ ಬೆಳಿಗ್ಗೆ ಕೇಳೋಕೆ ಭಾರ. ಹಾಡುಗಳು ಉದ್ದ, ಕತ್ತಲು ದಟ್ಟ, ಉಸಿರು ಬಿಡೋಕೆ ಕಿಟಕಿ ಕಮ್ಮಿ. ಈ ಶೈಲಿಗೆ ಹೊಸಬನಾದ ನನ್ನ ತಮ್ಮನಿಗೆ ಇದನ್ನು ಮೊದಲು ಕೊಟ್ಟರೆ ಅರ್ಧಕ್ಕೆ ಬಿಡುತ್ತಾನೆ ಅಂತ ಎರಡನೇ ವಾರದ ಹೊತ್ತಿಗೆ ಖಾತ್ರಿಯಾಯಿತು.

ಆಮೇಲೆ ತೆಂಪಿಯೊ.

ಮೊದಲ ದಿನ ಬಸ್ಸಿನಲ್ಲಿ ಗಾಯಕನ ದನಿ ಬಂದ ಕೂಡಲೇ ಕಿವಿ ನೆಟ್ಟಗಾಯಿತು. ಈ ಗಂಟಲನ್ನು ಎಲ್ಲೋ ಕೇಳಿದ್ದೇನೆ. ಸ್ವಲ್ಪ ಒರಟು, ಒಳಗೆ ಬೆಚ್ಚಗೆ, ಪದದ ಕೊನೆಯಲ್ಲಿ ಒಂದಿಷ್ಟು ಗೀರು. ಮ್ಯೂಸಿಯೊ ರೋಸೆನ್‌ಬಾಕ್! ನನ್ನ ನಿಯಮ ಅಲ್ಲಿಗೇ ಮುರಿಯಿತು, ಫೋನ್ ತೆಗೆದು ಹೆಸರು ನೋಡಿದೆ. ಹೌದು, ಸ್ತೆಫಾನೊ ಗಾಲಿಫಿ. ಅಡ್ಡಹೆಸರು ಲುಪೊ, ಅಂದರೆ ತೋಳ.

ಹಿಂದಿನ ಕಥೆ ಗೊತ್ತಿದ್ದರೆ ಇದು ಯಾಕೆ ದೊಡ್ಡ ವಿಷಯ ಅಂತ ತಿಳಿಯುತ್ತದೆ. ಮ್ಯೂಸಿಯೊ ರೋಸೆನ್‌ಬಾಕ್ ಕೂಡ ಜಿನೋವಾ ಇರುವ ಲಿಗೂರಿಯಾ ಪ್ರಾಂತ್ಯದ್ದೇ ಬ್ಯಾಂಡ್. 1973ರಲ್ಲಿ ಅವರು 'ಝರಾತುಸ್ತ್ರಾ' ಅಂತ ಆಲ್ಬಮ್ ತಂದರು. ರೆಕಾರ್ಡಿನ ಒಂದು ಇಡೀ ಬದಿಯಲ್ಲಿ ಜರ್ಮನ್ ತತ್ವಜ್ಞಾನಿ ನೀಚೆಯ ವಿಚಾರಗಳನ್ನು ಹಿಡಿದ ಒಂದೇ ದೊಡ್ಡ ಸೂಟ್, ಅಂದರೆ ಹಲವು ಭಾಗಗಳನ್ನು ಪೋಣಿಸಿದ ಒಂದು ಉದ್ದ ರಚನೆ. ಮುಖಪುಟದ ಚಿತ್ರಗಳ ಜೋಡಣೆಯಲ್ಲಿ ಮುಸೊಲಿನಿಯ ಪ್ರತಿಮೆಯೂ ಇತ್ತು. ಅದು, ನೀಚೆಯ ಹೆಸರು, ಕಪ್ಪು ಬಣ್ಣ ಎಲ್ಲ ಸೇರಿ ಇವರು ಫ್ಯಾಸಿಸ್ಟರು ಅನ್ನುವ ಅನುಮಾನ ಅಂಟಿತು. ಬ್ಯಾಂಡ್ ಬಹಳ ದಿನ ಉಳಿಯಲಿಲ್ಲ. ಇವತ್ತು ಆ ಆಲ್ಬಮ್ ಇಟಾಲಿಯನ್ ಪ್ರೋಗ್‌ನ ಅತ್ಯುತ್ತಮಗಳಲ್ಲಿ ಒಂದು. ಅದರಲ್ಲಿ ಹಾಡಿದ್ದು ಇದೇ ಗಾಲಿಫಿ. ಆ ಸೂಟ್‌ನ ಐದನೆಯ, ಕೊನೆಯ ಭಾಗದ ಹೆಸರು 'ಇಲ್ ತೆಂಪಿಯೊ ದೆಲ್ಲೆ ಕ್ಲೆಸ್ಸಿದ್ರೆ'. ಹೊಸ ಬ್ಯಾಂಡ್ ತನಗಿಟ್ಟುಕೊಂಡದ್ದು ಅದೇ ಹೆಸರು.

ಹೆಸರಿನ ಅರ್ಥ ಮರಳುಗಡಿಯಾರಗಳ ಗುಡಿ. ಕ್ಲೆಸ್ಸಿದ್ರಾ ಅನ್ನುವ ಪದ ನೀರಿನ ಗಡಿಯಾರಕ್ಕೂ ಸಲ್ಲುತ್ತದೆ, ನಮ್ಮ ಗಳಿಗೆ ಬಟ್ಟಲಿಗೂ ಅದೇ ಮಾತು ಹೇಳಬಹುದು. 1973ರಿಂದ 2010ಕ್ಕೆ 37 ವರ್ಷ. ಹೆಸರು ಎಷ್ಟು ಚೆನ್ನಾಗಿ ಕೂತಿದೆ ಅಲ್ವಾ?

ಬ್ಯಾಂಡ್ ಕಟ್ಟಿದವರು ಕೀಬೋರ್ಡ್ ವಾದಕಿ ಎಲೀಸಾ ಮೊಂತಾಲ್ದೊ, 2006ರಲ್ಲಿ. ಗಾಲಿಫಿಗಿಂತ ಒಂದು ಇಡೀ ತಲೆಮಾರು ಚಿಕ್ಕವರು. ಗಿಟಾರ್ ಜೂಲಿಯೊ ಕಾನೆಪಾ, ಬಾಸ್ ಫಾಬಿಯೊ ಗ್ರೆಮೊ, ಡ್ರಮ್ಸ್ ಪಾವೊಲೊ ತಿಕ್ಸಿ. ಆಲ್ಬಮ್ ತಂದದ್ದು ಜಿನೋವಾದ್ದೇ ಬ್ಲ್ಯಾಕ್ ವಿಡೋ ರೆಕಾರ್ಡ್ಸ್. ಹಳೆಯ ಗಾಯಕನನ್ನು ಕರೆತಂದು ಹಳೆಯ ಹಾಡನ್ನೇ ಹಾಡಿಸುವುದು ಸುಲಭವಿತ್ತು. ಇವರು ಎಲ್ಲ ಹೊಸದಾಗಿ ಬರೆದರು. ಗಿಟಾರ್‌ನ ಪೆಟ್ಟು ಈ ಕಾಲದ್ದು, ಕೆಲವು ಕಡೆ ಹೆವಿ ಮೆಟಲ್ ಅಂಚಿಗೆ ಹೋಗುವಷ್ಟು ಗಟ್ಟಿ. ಕೀಬೋರ್ಡ್ ಹಳೆಯ ಕಾಲದ್ದು. ಎರಡರ ನಡುವೆ ವಯಸ್ಸಾದ ಆ ದನಿ. ಮೂವರು ಗಾಯಕರಲ್ಲಿ ಗಾಲಿಫಿಯ ಗಂಟಲೇ ಕಡಿಮೆ ದೂರ ಹೋಗುವಂಥದ್ದು. ಮೇಲಿನ ಸ್ವರಗಳಲ್ಲಿ ಶ್ರಮ ಕೇಳಿಸುತ್ತದೆ. ಆದರೂ ನಾನು ನಂಬುವುದು ಅವರನ್ನೇ. ಇಪ್ಪತ್ತರ ಹುಡುಗ ಹಾಡಿದ್ದರೆ ಅಭಿನಯ ಅನ್ನಿಸಬಹುದಾಗಿದ್ದ ಸಾಲುಗಳು ಇವರ ಬಾಯಲ್ಲಿ ಅನುಭವವಾಗಿ ಕೇಳುತ್ತವೆ.

ನಾಲ್ಕನೇ ದಿನ ಹಾಡುಗಳ ಹೆಸರು ಓದಿದೆ. ಒಂದರ ಹೆಸರು 'ದಾಂಜಾ ಎಸೊತೆರಿಕಾ ದಿ ದಾತೂರಾ'. ದತ್ತೂರಿಯ ಗುಪ್ತ ನೃತ್ಯ! ನಮ್ಮೂರ ತಿಪ್ಪೆ ಪಕ್ಕ ಬೆಳೆಯುವ, ಶಿವನಿಗೆ ಏರಿಸುವ ಅದೇ ಉಮ್ಮತ್ತಿ. ಆ ಗಿಡದ ಶಾಸ್ತ್ರೀಯ ಹೆಸರು ದತೂರ ಹೋಗಿರುವುದು ನಮ್ಮ ದೇಶದಿಂದಲೇ. ಹೆಸರು ಅಷ್ಟು ದೂರ ಹೋಗಿ, ಜಿನೋವಾದ ಒಂದು ರಾಕ್ ಹಾಡಿನ ಮೇಲೆ ಕೂತು, ನನ್ನ ಇಯರ್‌ಫೋನ್‌ಗೆ ವಾಪಸ್ ಬಂದಿತ್ತು. ಆ ಹಾಡನ್ನು ಅವತ್ತು ಮೂರು ಸಲ ಕೇಳಿದೆ.

ಭಾಷೆ ಬಾರದೆ ಹೇಗೆ ಕೇಳುತ್ತೀಯಾ ಅಂತ ಮನೆಯಲ್ಲಿ ಕೇಳುತ್ತಾರೆ. ಇಟಾಲಿಯನ್ ಮತ್ತು ಕನ್ನಡಕ್ಕೆ ಒಂದು ಹೋಲಿಕೆ ಇದೆ. ಎರಡರಲ್ಲೂ ಹೆಚ್ಚಿನ ಪದಗಳು ಸ್ವರದಲ್ಲಿ ಮುಗಿಯುತ್ತವೆ. ಮರ, ಮನೆ, ಹಾಡು ಇದ್ದ ಹಾಗೆ ಲೂನಾ, ನೊತ್ತೆ, ವೆಂತೊ. ಪದದ ಕೊನೆಯನ್ನು ಎಷ್ಟು ಬೇಕಾದರೂ ಎಳೆದು ಹಾಡಬಹುದು. ಇಂಗ್ಲಿಷ್ ಪ್ರೋಗ್‌ನಲ್ಲಿ ಪದ ಟಪ್ ಅಂತ ಮುಚ್ಚಿಕೊಳ್ಳುತ್ತದೆ. ಇಲ್ಲಿ ತೆರೆದೇ ಇರುತ್ತದೆ. ಅರ್ಥ ಆಗದಿದ್ದರೂ ಬಾಯಿ ತಾನಾಗಿ ಜೊತೆಗೆ ಹಾಡುತ್ತದೆ.

ಜೆನೊ ಬಗ್ಗೆ ನನಗೆ ನಿರೀಕ್ಷೆ ಜಾಸ್ತಿ ಇತ್ತು. ಯಾಕಂದ್ರೆ ಇದನ್ನು ಶುರು ಮಾಡಿದವರಲ್ಲಿ ಒಬ್ಬರಾದ ಬಾಸ್ ವಾದಕ ಗಾಬ್ರಿಯೆಲೆ ಗ್ವೀದಿ ಕೊಲೊಂಬಿ ಮೊದಲು ತೆಂಪಿಯೊದ ಆರಂಭದಲ್ಲೂ ಇದ್ದವರು. ಡ್ರಮ್ಸ್ ನುಡಿಸುವ ಆಂದ್ರೆಯಾ ಒರ್ಲಾಂದೊ ಫಿನಿಸ್ತೆರ್ರೆಯಲ್ಲಿದ್ದವರು, ಅಂದರೆ ಮಾಸ್ಕೆರಾದ ಝುಫ್ಫಾಂತಿ ಜೊತೆಗಾರ. ಒಂದೇ ಊರು, ಒಂದೇ ಬಳಗ. ಹಾಗಿದ್ದೂ ಕೇಳೋಕೆ ಪೂರ್ತಿ ಬೇರೆ.

ಹೆಸರು ಇತಾಲೊ ಸ್ವೇವೊ 1923ರಲ್ಲಿ ಪ್ರಕಟಿಸಿದ ಕಾದಂಬರಿಯದು. ತ್ರಿಯೆಸ್ತೆ ಊರಿನ ಜೆನೊ ಕೊಸಿನಿ ವೈದ್ಯರು ಹೇಳಿದರು ಅಂತ ತನ್ನ ನೆನಪುಗಳನ್ನು ಬರೆಯುತ್ತಾನೆ. ಇದೇ ಕೊನೆಯ ಸಿಗರೇಟು ಅಂತ ಮತ್ತೆ ಮತ್ತೆ ಶಪಥ ಮಾಡುತ್ತಾನೆ. ತನ್ನ ಮನಸ್ಸನ್ನು ತಾನೇ ಕೆದಕುವ ಆ ಗುಣ ಸಂಗೀತದಲ್ಲೂ ಇದೆ. ಒಂದು ರಾಗ ಶುರುವಾಗುತ್ತದೆ, ಇನ್ನೇನು ಹಿಡಿತಕ್ಕೆ ಸಿಕ್ಕಿತು ಅನ್ನುವಾಗ ಪಕ್ಕಕ್ಕೆ ತಿರುಗುತ್ತದೆ. ತಾಳ ಬದಲಾದದ್ದು ಗೊತ್ತಾಗುವಷ್ಟರಲ್ಲಿ ಮತ್ತೆ ಬದಲಾಗಿರುತ್ತದೆ. ಗಾಯಕ ಅಲೆಸ್ಸಿಯೊ ಕಲಾಂದ್ರಿಯೆಲ್ಲೊ ಅವರದು ಮೂವರಲ್ಲೇ ತಿಳಿಯಾದ ದನಿ. ಎಷ್ಟು ಮೇಲೆ ಹೋದರೂ ಒಡೆಯುವುದಿಲ್ಲ.

ಸಂಗೀತ ಕಟ್ಟುವ ಕಲೆ ಮಾತ್ರ ನೋಡುವುದಾದರೆ ಮೂರರಲ್ಲಿ ಜೆನೊನೇ ಮೇಲು. ಇದನ್ನು ಒಪ್ಪಿಕೊಳ್ಳಲೇಬೇಕು. 'ಗತ್ತೊ ಲುಪೆಸ್ಕೊ' ಅನ್ನುವ ಹಾಡು ಕೇಳಿ. ಹದಿಮೂರನೇ ಶತಮಾನದ ಒಂದು ಹಳೆಯ ಇಟಾಲಿಯನ್ ಪದ್ಯದಲ್ಲಿ ಬರುವ ತೋಳದಂಥ ಬೆಕ್ಕಿನ ಹೆಸರು ಅದು. ಎರಡನೇ ವಾರದಲ್ಲಿ ಕೇಳಿದಾಗ ಮೊದಲನೇ ವಾರದಲ್ಲಿ ಗಮನಿಸದ ಪಿಯಾನೊ ಸಾಲು ಸಿಕ್ಕಿತು. ಈಗಲೂ ಹೊಸದು ಸಿಗುತ್ತಲೇ ಇದೆ. 1970ರ ದಶಕದ ನುಡಿಗಟ್ಟು ಕಲಿತು, ಅದರಲ್ಲಿ ತಮ್ಮದೇ ಮಾತಾಡಿದವರು ಇವರು. ಆದರೆ ಮೊದಲ ನಾಲ್ಕು ದಿನ ನನಗೆ ಒಂದು ರಾಗವೂ ಬಾಯಿಗೆ ಬರಲಿಲ್ಲ. ಐದನೇ ದಿನ ಸ್ನಾನ ಮಾಡುವಾಗ ಒಂದು ತುಣುಕು ತಾನಾಗೇ ಬಂತು. ತಾಳ್ಮೆ ಕೇಳುವ ಆಲ್ಬಮ್ ಇದು. ತಾಳ್ಮೆ ಕೊಟ್ಟವರನ್ನು ಕೈ ಬಿಡುವುದಿಲ್ಲ.

ಮೊದಲ ಹತ್ತು ನಿಮಿಷದಲ್ಲೇ ಹಿಡಿದುಕೊಳ್ಳುವುದು ತೆಂಪಿಯೊ. ಜೆನೊಗೆ ಹತ್ತು ದಿನ ಬೇಕು. ಮಾಸ್ಕೆರಾಗೆ ಬೇಕಾದದ್ದು ಕತ್ತಲೆ ಮತ್ತು ಒಳ್ಳೆಯ ಸ್ಪೀಕರ್. ಇಯರ್‌ಫೋನ್‌ನಲ್ಲಿ ಆ ಬಾಸ್‌ನ ಅರ್ಧ ಬಲ ಹೋಗಿಬಿಡುತ್ತದೆ, ನನ್ನ ಸಾಧಾರಣ ಇಯರ್‌ಫೋನ್‌ನಲ್ಲಂತೂ ಹೋಯಿತು.

ಈ ಶೈಲಿ ಮೊದಲೇ ಗೊತ್ತಿರುವವರಿಗೆ, ಹಳೆಯ ಬಾಂಕೊ ಆಲ್ಬಮ್‌ಗಳನ್ನು ಸವೆಸಿದವರಿಗೆ ನಾನು ಜೆನೊ ಹೇಳುತ್ತೇನೆ, ಎರಡನೇ ಯೋಚನೆ ಇಲ್ಲದೆ. ತಮ್ಮನಿಗೆ ಮಾತ್ರ ತೆಂಪಿಯೊ ಕೊಟ್ಟೆ. ಗಾಲಿಫಿ ಬಗ್ಗೆ ಒಂದು ಮಾತೂ ಹೇಳಲಿಲ್ಲ.

ಮೂರು ದಿನ ಬಿಟ್ಟು ಫೋನ್ ಬಂತು. "ಅಣ್ಣಾ, ಹಾಡಿದವರು ಯಾರು? ವಯಸ್ಸಾದವರ ಥರ ಇದೆ ದನಿ."

"ನಾಳೆ ಮನೆಗೆ ಬಾ" ಅಂದೆ. ಬಂದ. ಇಬ್ಬರೂ ಸ್ಪೀಕರ್ ಮುಂದೆ ಕೂತೆವು. ಮೊದಲು 1973ರ ಸೂಟ್‌ನ ಐದನೇ ಭಾಗ ಹಾಕಿದೆ, ನಡುವೆ ಏನೂ ಮಾತಾಡದೆ ಅದರ ಹಿಂದೆಯೇ 2010ರ ಆಲ್ಬಮ್. ಆ ದನಿ ಎರಡನೇ ಸಲ ಬಂದಾಗ ಅವನು ನನ್ನ ಕಡೆ ತಿರುಗಿ, "ಒಬ್ಬರೇನಾ?" ಅಂದ.